ಸುಶೀಲಾಳನ್ನು ಒಪ್ಪಿಸಿಕೊಟ್ಟ ಬೇಸಿಗೆ

ಕಳೆದ ಶನಿವಾರ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಒಂದು ಮದುವೆಯಿತ್ತು. ನಾವೆಲ್ಲ ಛತ್ರ ಎಂದೇ ಕರೆಯುವ ಬ್ಯಾಂಕ್ವೆಟ್ ಹಾಲಿನ ಬಾಗಿಲು ತಳ್ಳಿದ ಕೂಡಲೇ ಹಳೆಯ ವಾಸನೆ ಮೂಗಿಗೆ ಬಡಿಯಿತು. ಫ್ರಿಜ್ಜಿನಿಂದ ಆಗಷ್ಟೇ ಹೊರಬಂದ ಮಲ್ಲಿಗೆ, ತೊಳೆದು ಒಣಗದ ಕಾರ್ಪೆಟ್ಟು, ಬಿಸಿಬೇಳೆಬಾತಿನ ಟ್ರೇ ಆರದಿರಲೆಂದು ಕೆಳಗೆ ಉರಿಯುವ ಇಂಧನದ ಡಬ್ಬಿಯ ಕಮಟು. ಕೆಲವು ವರ್ಷಗಳ ಹಿಂದೆ ಸುಶೀಲಾಳ ಮಗಳು ಮೇಘಾಳ ಮದುವೆ ಇದೇ ಛತ್ರದಲ್ಲಿ ನಡೆದದ್ದು. ನಾನು ಸೆರಗು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದೆ ಬಂದ ಹುಡುಗರು "ಎಕ್ಸ್‌ಕ್ಯೂಸ್ ಮಿ ಆಂಟಿ" ಅಂದಮೇಲೆ ಎಚ್ಚರವಾಗಿ ಪಕ್ಕಕ್ಕೆ ಸರಿದೆ.

ನನ್ನ ಹೆಸರು ಶಕುಂತಲಾ. ಊರು ಧಾರವಾಡ, ಮನೆ ಮೆಟುಚೆನ್, ಕೆಲಸ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಆದರೆ ನ್ಯೂಜೆರ್ಸಿಯ ಕನ್ನಡದವರಿಗೆ ನಾನು ಗೊತ್ತಿರುವುದು ಬೇರೆ ಕಾರಣಕ್ಕೆ. ಮದುವೆ ಮುಗಿದು ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ಹೆಣ್ಣೊಪ್ಪಿಸುವ ಶಾಸ್ತ್ರ ಇರುತ್ತದಲ್ಲ, ತಟ್ಟೆಯ ಹಾಲಿನಲ್ಲಿ ಮಗಳ ಕೈ ಅದ್ದಿಸಿ, ಆ ಒದ್ದೆ ಕೈಗಳನ್ನು ಹುಡುಗನ ಕಡೆಯವರ ಕೈಯಲ್ಲಿಟ್ಟು "ಇನ್ನು ನಿಮ್ಮವಳು, ನೋಡಿಕೊಳ್ಳಿ" ಅನ್ನುವುದು. ಆಗ ಹಾಡು ಹೇಳುವವಳು ನಾನು. ನನ್ನ ಅಜ್ಜಿ ಹೇಳುತ್ತಿದ್ದ ಹಾಡು, ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಅದನ್ನು ಕೇಳಿ ಕಣ್ಣೊರೆಸಿಕೊಳ್ಳದವರನ್ನು ನಾನು ಹೆಚ್ಚು ಕಂಡಿಲ್ಲ. ಕನ್ನಡದ ಒಂದಕ್ಷರ ಬಾರದ ಅಮೆರಿಕನ್ ವಿಡಿಯೋದವನೊಬ್ಬ ಕ್ಯಾಮೆರಾ ಕೆಳಗಿಟ್ಟು ಅತ್ತದ್ದುಂಟು. ಆ ನಾಲ್ಕು ನಿಮಿಷ ವಿಡಿಯೋದಲ್ಲಿ ಬರೀ ಕಾರ್ಪೆಟ್ಟು ಕಾಣುತ್ತದೆ ಎಂದು ಹುಡುಗಿಯ ಅಪ್ಪ ಆಮೇಲೆ ನನ್ನ ಮೇಲೇ ರೇಗಿದರು.

ಜಂಬ ಅನ್ನಿ, ಇನ್ನೇನಾದರೂ ಅನ್ನಿ, ಅಳಿಸುವ ಕೆಲಸದಲ್ಲಿ ನನ್ನ ಗಂಟಲು ಪಳಗಿತ್ತು. ಮೈಕ್ ಮುಟ್ಟುತ್ತಿರಲಿಲ್ಲ. ಮೈಕಿನಲ್ಲಿ ಹೇಳಿದರೆ ಅದು ಪ್ರೋಗ್ರಾಂ ಆಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಶ್ರುತಿ ತಗ್ಗಿನಲ್ಲಿ ಹಿಡಿಯಬೇಕು. ತಾಯಿಯ ಮುಖ ನೋಡಬಾರದು, ಅವಳು ಹೇಗೂ ಬೆಳಗಿನಿಂದ ಅಳುತ್ತಿರುತ್ತಾಳೆ. ಮೂರನೇ ನುಡಿಗೆ ಬಂದಾಗ ಸ್ವಲ್ಪ ನಿಧಾನಿಸಿ ಅಪ್ಪನ ಕಡೆ ನೋಡಬೇಕು. ಅಲ್ಲಿಯವರೆಗೆ ಕೇಟರಿಂಗ್‌ನವರ ಜೊತೆ, ಪಾರ್ಕಿಂಗ್‌ನವರ ಜೊತೆ ಜಗಳಾಡುತ್ತ ಓಡಾಡಿದ ಗಂಡಸು ಅಲ್ಲಿ ಕುಸಿಯುತ್ತಾನೆ. ಅವನು ಕುಸಿದರೆ ಇಡೀ ಛತ್ರ ಕುಸಿದ ಹಾಗೆ. ದುಃಖ, ಅಗಲಿಕೆ ಅಂತೆಲ್ಲ ದೊಡ್ಡ ಮಾತು ಆ ಹಾಡಿನಲ್ಲಿ ಒಂದೂ ಇಲ್ಲ. ಬರೀ ಒಲೆ, ಹಾಲು, ಕರೆದರೆ ಓ ಅನ್ನುವುದು, ಇಂಥವೇ. ಜನರನ್ನು ಅಳಿಸುವುದು ಇಂಥ ಮನೆವಾರ್ತೆಯ ಮಾತುಗಳೇ ಎಂದು ನನಗೆ ಅನುಭವದಿಂದ ಗೊತ್ತು.

ಅಳದವಳು ಒಬ್ಬಳಿದ್ದಳು, ಸುಶೀಲಾ. ಮೈಸೂರಿನವಳು, ಪಿಸ್ಕಾಟವೇಯಲ್ಲಿ ಮನೆ. ಗಂಡ ರಘು ಅಲ್ಲೇ ಟೆಲಿಕಾಂ ಆಫೀಸಿನಲ್ಲಿ ಇಂಜಿನಿಯರ್, ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ಸಂಭಾವಿತ. ನನಗಿಂತ ನಾಲ್ಕೇ ವರ್ಷ ಚಿಕ್ಕವಳಾದರೂ ಸುಶೀಲಾ ನನ್ನನ್ನು ಅಕ್ಕ ಅನ್ನುತ್ತಿದ್ದಳು. ಎಷ್ಟು ಮದುವೆಗಳಲ್ಲಿ ಜೊತೆಗೆ ಕೂತಿದ್ದೇವೋ, ಒಂದು ಸಲವೂ ಅವಳು ನನ್ನ ಹಾಡು ಕೇಳಲಿಲ್ಲ. ಹಾಲಿನ ತಟ್ಟೆ ಬರುತ್ತಿದ್ದ ಹಾಗೆ ಎದ್ದು ರೆಸ್ಟ್‌ರೂಮಿಗೆ ಹೋಗುವಳು, ಮುಗಿದ ಮೇಲೆ ಲಿಪ್‌ಸ್ಟಿಕ್ ಸರಿಮಾಡಿಕೊಂಡು ಬರುವಳು. ಇವಳದು ಕಲ್ಲೆದೆ ಇರಬೇಕು ಎಂದು ನಾನು ತೀರ್ಮಾನಿಸಿದ್ದೆ. ಹೀಗಾಗಿ ಆ ವರ್ಷ ಮಾರ್ಚ್‌ನಲ್ಲಿ, ರಸ್ತೆಬದಿಯ ಹಿಮ ಇನ್ನೂ ಕಪ್ಪಗೆ ಗುಡ್ಡೆ ಬಿದ್ದಿದ್ದಾಗ, ಅವಳು ಫೋನ್ ಮಾಡಿ ಮೇಘಾಳ ಮದುವೆ ಜೂನ್‌ನಲ್ಲಿ, ಬೇರೇನೂ ಇಲ್ಲದಿದ್ದರೂ ಚಿಂತೆಯಿಲ್ಲ, ಒಪ್ಪಿಸುವ ಹಾಡು ಮಾತ್ರ ಆಗಲೇಬೇಕು ಅಂದಾಗ ನನಗೆ ಆಶ್ಚರ್ಯವೇ ಆಯಿತು.

ತೊಂದರೆ ಬಂದದ್ದು ಮೇಘಾಳಿಂದ. ಇಲ್ಲೇ ಹುಟ್ಟಿದ ಹುಡುಗಿ, ಜೆರ್ಸಿ ಸಿಟಿಯಲ್ಲಿ ಸ್ವಂತ ಸಂಬಳದಲ್ಲಿ ಇರುವವಳು. ಹುಡುಗ ನೀಲ್, ನ್ಯೂಯಾರ್ಕ್ ಕಡೆಯ ಹಿಕ್ಸ್‌ವಿಲ್‌ನ ಗುಜರಾತಿಗಳ ಪೈಕಿ. ಇಬ್ಬರೂ ಒಂದು ವರ್ಷದಿಂದ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದರು. ಅವಳಿಗೆ ಧಾರೆ, ಸಪ್ತಪದಿ, ಮೂಗುಬೊಟ್ಟು ಎಲ್ಲ ಓಕೆ. ಈ ಒಂದು ಶಾಸ್ತ್ರ ಬೇಡ. ಸುಶೀಲಾ ಪಟ್ಟು ಹಿಡಿದಳು, ಮಗಳೂ ಪಟ್ಟು ಹಿಡಿದಳು. ತಾಯಿಗೆ ತಕ್ಕ ಮಗಳು. ಏಪ್ರಿಲ್ ಹೊತ್ತಿಗೆ ಇಬ್ಬರೂ ಮಾತು ಬಿಟ್ಟು, ರಘು ನಡುವೆ ಟೆಕ್ಸ್ಟ್ ಮೆಸೇಜು ಸಾಗಿಸುವ ಪೋಸ್ಟ್‌ಮ್ಯಾನ್ ಆಗಿದ್ದರು. ಕೊನೆಗೆ ಹಾಡನ್ನು ಒಂದು ಸಲ ಕೇಳಿಯಾದರೂ ನೋಡಲಿ ಎಂದು ಸುಶೀಲಾ ಮಗಳನ್ನು ನಮ್ಮನೆಗೆ ಕರೆದುಕೊಂಡು ಬಂದಳು.

ಅವತ್ತು ಹೊರಗೆ ಮರಗಳ ಹೂಧೂಳು, ಇಲ್ಲಿಯವರ ಪೋಲನ್, ಹಳದಿ ಪುಡಿಯಾಗಿ ಕಾರುಗಳ ಮೇಲೆ ಕೂತಿತ್ತು, ಮೂವರೂ ಸೀನುತ್ತ ಬೇಸ್‌ಮೆಂಟಿನಲ್ಲಿ ಕೂತೆವು. ನಾನು ಹೇಳಿದೆ. ಮೇಘಾಳಿಗೆ ಅರ್ಥವಾಗಲೆಂದು ಒಂದೊಂದೇ ನುಡಿ ಬಿಡಿಸಿಯೂ ಹೇಳಿದೆ:

ಹಾಲುಕ್ಕಿ ಹೋದೀತು, ಬೈಬ್ಯಾಡ್ರಿ ನನ ಕೂಸ,
ಒಲಿ ಮುಂದ ನಿಂತು ಕನಸ ಕಂಡಾಳ.
ಕರೆದರ ಓ ಅನದ ಕುಂತಾಳು, ಮುನಿಬ್ಯಾಡ್ರಿ,
ತವರೂರ ದನಿಯೊಂದ ಕೇಳ್ಯಾಳ.

ಮೇಘಾ ಗಂಭೀರವಾಗಿ ಕೇಳಿದಳು. ಟ್ಯೂನ್ ಚೆನ್ನಾಗಿದೆ ಅಂದಳು. ಆಮೇಲೆ, "ಆದ್ರೆ ಆಂಟಿ, ಐ ಆಮ್ ನಾಟ್ ಅ ಪ್ಯಾಕೇಜ್" ಅಂದಳು. ಯಾರೋ ಯಾರಿಗೋ ಡೆಲಿವರಿ ಮಾಡುವುದು, ಬೈಯಬೇಡಿ ಎಂದು ಬೇಡಿಕೊಳ್ಳುವುದು, ಇದೆಲ್ಲ ಅವಳಿಗೆ ಕೇಳಲಿಕ್ಕೂ ಕಷ್ಟ. ಹಾಲು ಉಕ್ಕಿದರೆ ನೀಲ್ ಒರೆಸುತ್ತಾನೆ, ಅವನೇ ಕಾಫಿ ಮಾಡುವುದು. ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನ್ನ ಅಜ್ಜಿಯ ಹಾಡು, ನನ್ನ ಮುಖ ಬಿಗಿಯಿತು. ಅಷ್ಟರಲ್ಲಿ ಅವಳು ತಾಯಿಯ ಕಡೆ ತಿರುಗಿ ಕೇಳಿದಳು, ನಿನ್ನ ಮದುವೆಯಲ್ಲಿ ಇದನ್ನು ಹಾಡಿದಾಗ ನಿನಗೆ ಹೇಗನಿಸಿತು, ನಿಜ ಹೇಳು.

ಸುಶೀಲಾ ಟಿಶ್ಯೂ ಮಡಿಸುತ್ತ ಕೂತಿದ್ದಳು.

"ನನಗೆ ಯಾರೂ ಹಾಡ್ಲಿಲ್ಲ ಕಣೇ," ಅಂದಳು. "ಕೊಡೋಕೆ ಯಾರಾದ್ರೂ ಬಂದಿದ್ರೆ ತಾನೇ ಹಾಡೋದು."

ಸುಶೀಲಾ, ರಘು ಇಲ್ಲೇ ಓದಲು ಬಂದು ಇಲ್ಲೇ ಮದುವೆಯಾದವರು ಎಂದು ನಮಗೆಲ್ಲ ಗೊತ್ತಿತ್ತು. ಅಪ್ಪ ಅಮ್ಮನಿಗೆ ವೀಸಾ ಸಿಗಲಿಲ್ಲ, ಅದಕ್ಕೇ ಸಣ್ಣದಾಗಿ ಮಾಡಿಕೊಂಡೆವು ಅನ್ನುತ್ತಿದ್ದಳು. ಮಗಳಿಗೂ ಅದನ್ನೇ ಹೇಳಿದ್ದಳು. ಅಪ್ಪ ಅಮ್ಮ ವೀಸಾಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ ಎಂದು ಅವತ್ತು ಹೇಳಿದಳು. ರಘು ಬೇರೆ ಜಾತಿ. ಅವನನ್ನು ಮಾಡಿಕೊಂಡರೆ ಈ ಮನೆಯಲ್ಲಿ ನೀನು ಹುಟ್ಟಿಯೇ ಇರಲಿಲ್ಲ ಎಂದುಕೊಳ್ಳುತ್ತೇವೆ ಅಂತ ಅಪ್ಪ ಫೋನ್ ಇಟ್ಟರಂತೆ. ಟೌನ್ ಹಾಲಿನಲ್ಲಿ ಸಹಿ ಮಾಡಿ, ಪಕ್ಕದೂರು ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ಕೊಂಡ ತಾಳಿ ಕಟ್ಟಿಸಿಕೊಂಡು, ಕ್ಲಾಸಿನ ಸ್ನೇಹಿತರ ಜೊತೆ ಪಿಜ್ಜಾ ತಿಂದದ್ದೇ ಮದುವೆ. ಕೂಸು ಮೇಘಾಳನ್ನು ಎತ್ತಿಕೊಂಡು ಒಮ್ಮೆ ಮೈಸೂರಿಗೆ ಹೋಗಿದ್ದಳು. ಅಮ್ಮ ಗೇಟಿನವರೆಗೆ ಬಂದು ಮಗುವನ್ನು ಎತ್ತಿಕೊಂಡು ಮುತ್ತಿಟ್ಟು ವಾಪಸ್ ಕೊಟ್ಟರು, ಅಪ್ಪ ಹೊರಗೆ ಬರಲಿಲ್ಲ. ಈಗ ಇಬ್ಬರೂ ಇಲ್ಲ. ಇಷ್ಟನ್ನೂ ಅವಳು ಅಳದೆ ಹೇಳಿದಳು. ನೀವು ಹಾಡುವಾಗ ನಾನು ಎದ್ದುಹೋಗುವುದು ಅದಕ್ಕೇ ಅಕ್ಕ, ತಪ್ಪು ತಿಳಿಯಬೇಡಿ ಅಂತ ನನ್ನನ್ನೇ ಸಮಾಧಾನ ಮಾಡಿದಳು. ಕಲ್ಲೆದೆಯವಳಂತೆ! ನನ್ನ ಬಾಯಿಗೆ ಮಣ್ಣು ಹಾಕ.

ಮೇಘಾ ಎದ್ದಳು. ತಾಯಿಯ ಪಕ್ಕಕ್ಕೆ ಹೋಗಿ ಅವಳ ಹೆಗಲಿಗೆ ತಲೆಯಿಟ್ಟಳು. ಹಾಡಿನ ಮಾತು ಅವತ್ತು ಅಲ್ಲಿಗೇ ನಿಂತಿತು.

ಮುಂದಿನ ಶನಿವಾರ ಬೆಳಿಗ್ಗೆ ಹುಡುಗಿ ಒಬ್ಬಳೇ ರೈಲು ಹಿಡಿದು ಮೆಟುಚೆನ್‌ಗೆ ಬಂದಳು. ಸ್ಟೇಷನ್ನಿನಿಂದ ನಡೆದುಕೊಂಡೇ ಬಂದು, ಶೂ ಬಿಚ್ಚುವ ಮೊದಲೇ ತನಗೆ ಹಾಡು ಕಲಿಸಬೇಕು ಅಂದಳು. ತನಗಾಗಿ ಅಲ್ಲ, ಅಮ್ಮನಿಗೆ ಹಾಡಲು. ತನ್ನದಕ್ಕಿಂತ ಮೊದಲು ಅಮ್ಮನನ್ನು ಒಪ್ಪಿಸಿಕೊಡಬೇಕು. ಮದುವೆಯ ದಿನ ಸ್ಟೇಜಿನ ಮೇಲೆ, ಸರ್ಪ್ರೈಸ್ ಆಗಿ.

ಕಲಿಸುತ್ತೇನೆ, ಆದರೆ ಸ್ಟೇಜಿನ ಮೇಲೆ ಸುತರಾಂ ಬೇಡ ಅಂದೆ. ಮೂವತ್ತು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಫೋನ್ ಎತ್ತಿ ಹಿಡಿದ ಜನರ ಮುಂದೆ ತೆಗೆದಿಡಲು ನಾವ್ಯಾರು. ಮನೆಯಲ್ಲಿ ಮಾಡೋಣ, ನಾವಷ್ಟೇ. ಮೇಘಾ ಯೋಚಿಸಿ ಒಪ್ಪಿಕೊಂಡಳು. ಆಮೇಲೆ ನನಗೇ ಹೊಳೆದು ಕೇಳಿದೆ, ಅಲ್ಲವಾ, ನೀ ಹಾಡಾಕಿ ಆದರ ಕೊಡಾಕಿ ಯಾರು? ಒಪ್ಪಿಸಬೇಕಾದರೆ ತವರಿನವರು ಬೇಕಲ್ಲ.

"ನೀವೇ," ಅಂದಳು.

ನನಗಿರುವುದು ಇಬ್ಬರು ಗಂಡುಮಕ್ಕಳು. ಎಷ್ಟು ಮದುವೆಯಲ್ಲಿ ಹಾಡಿದರೂ ಒಂದು ಹುಡುಗಿಯ ಕೈ ಹಿಡಿದು ಕೊಟ್ಟವಳಲ್ಲ. ಹಾಡಿ, ಊಟ ಮಾಡಿ, ಎಲೆ ಅಡಿಕೆ ತಗೊಂಡು ಮನೆಗೆ ಬರುವವಳು. ನಿಮ್ಮಮ್ಮನಿಗೂ ನನಗೂ ವಯಸ್ಸಿನಲ್ಲಿ ಅಂತರವೇ ಇಲ್ಲ, ನಾನು ಹೇಗೆ ತಾಯಿಯಾಗಲಿ ಅಂದರೆ, ಯಾರೂ ಐಡಿ ಚೆಕ್ ಮಾಡುವುದಿಲ್ಲ ಬಿಡಿ ಅಂದಳು. ಮಾತಿನಲ್ಲಿ ಅವಳನ್ನು ಗೆಲ್ಲುವುದು ನನ್ನಿಂದಾಗಲಿಲ್ಲ.

ಮೇ ತಿಂಗಳಿಡೀ ಶನಿವಾರ ಶನಿವಾರ ಅವಳಿಗೆ ಪಾಠ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. ನಾಲಿಗೆಗೆ ಳಕಾರ ಬರುತ್ತಿರಲಿಲ್ಲ, ಶ್ರುತಿ ಮೇಲೆ ಕೆಳಗೆ ಓಡುತ್ತಿತ್ತು. ಎಲ್ಲಿ ನಿಧಾನಿಸಬೇಕು, ಯಾರ ಮುಖ ನೋಡಬೇಕು, ನನ್ನ ಗುಟ್ಟನ್ನೆಲ್ಲ ಹೇಳಿಕೊಟ್ಟೆ. ಒಂದೂ ತಲೆಗೆ ಹೋಗಲಿಲ್ಲ. ಪಾಪ, ಮಾತು ಮರೆಯದಿದ್ದರೆ ಸಾಕು ಅನ್ನುವ ಗಡಿಬಿಡಿ ಅವಳಿಗೆ. ನಮ್ಮನೆಯವರು ಮೇಲಿನಿಂದ ಕೇಳಿಸಿಕೊಂಡು, ಈ ಹಾಡಿಗೆ ಯಾರು ಅತ್ತರೂ ಅದು ಬೇರೆ ಕಾರಣಕ್ಕೆ ಎಂದು ನಕ್ಕರು.

ಮದುವೆಯ ಹಿಂದಿನ ದಿನ ಸುಶೀಲಾಳ ಮನೆಯಲ್ಲಿ ಬಳೆಶಾಸ್ತ್ರ. ಹೆಂಗಸರೆಲ್ಲ ಹನ್ನೊಂದಕ್ಕೆ ಬರುವವರಿದ್ದರು. ನಾನು ಮೊದಲೇ ಹೋದೆ. ಜೂನ್‌ನ ಬಿಸಿಲು ಅಡುಗೆಮನೆಯ ಕಿಟಕಿಯಿಂದ ನೇರ ಒಳಗೆ ಬಿದ್ದಿತ್ತು, ಎಸಿ ಒಂದೇ ಸಮನೆ ಓಡುತ್ತಿತ್ತು. ಸುಶೀಲಾ ಹೆಸರುಬೇಳೆ ನೆನೆಹಾಕಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಮೇಘಾ ಬೆಳ್ಳಿಯ ತಟ್ಟೆಗೆ ಹಾಲು ಸುರಿದು ಕೌಂಟರಿನ ಮೇಲೆ ಇಟ್ಟಳು. ಮಗಳು ನಾಳೆಗೆ ರಿಹರ್ಸಲ್ ಮಾಡುತ್ತಿದ್ದಾಳೆ, ಅಂತೂ ಒಪ್ಪಿಕೊಂಡಳು ಎಂದು ತಾಯಿಯ ಮುಖ ಅರಳಿತು. ಇದು ತನಗಲ್ಲ, ನಿನಗೆ ಎಂದು ಮೇಘಾ ಹೇಳಿದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚಾಕು ಕೆಳಗಿಟ್ಟಳು.

ಬೇಡ ಅಂದಳು. ಈ ವಯಸ್ಸಿನಲ್ಲಿ ಇದೇನು ಹುಡುಗಾಟ ಅಂದಳು. ಆಗದ್ದು ಆಗಲಿಲ್ಲ, ಮುಗಿದುಹೋಯಿತು, ನಾಳೆ ಮಗಳ ಮದುವೆ ಇಟ್ಟುಕೊಂಡು ನನಗೆ ಶಾಸ್ತ್ರ ಮಾಡುತ್ತೀರಾ, ಯಾರಾದರೂ ನೋಡಿದರೆ ನಗುತ್ತಾರೆ. ಒದ್ದೆ ಬಟ್ಟೆ ತಗೊಂಡು, ಮೊದಲೇ ಸ್ವಚ್ಛವಾಗಿದ್ದ ಕೌಂಟರನ್ನು ಮತ್ತೆ ಮತ್ತೆ ಒರೆಸಿದಳು. ಮೇಘಾ ನನ್ನ ಮುಖ ನೋಡಿದಳು. ಮಾಡಬಾರದ್ದನ್ನು ಮಾಡಿದೆವೇನೋ, ಹಬ್ಬದ ಮನೆಯಲ್ಲಿ ಅವಳ ಮನಸ್ಸು ಕದಡಿದೆವೇನೋ ಎಂದು ನಾನು ತಟ್ಟೆಯನ್ನು ಎತ್ತಿಡಲು ಹೊರಟೆ.

ಆಗ ರಘು ಗ್ಯಾರೇಜಿನಿಂದ ಮಡಿಸುವ ಕುರ್ಚಿಗಳನ್ನು ಹೊತ್ತುಕೊಂಡು ಒಳಗೆ ಬಂದರು. ಹಾಲಿನ ತಟ್ಟೆ ನೋಡಿದರು, ಹೆಂಡತಿಯನ್ನು ನೋಡಿದರು. ಅವರಿಗೂ ಮುಂಚೆ ಹೇಳಿರಲಿಲ್ಲ, ಮೇಘಾ ಈಗ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದಳು. ಅವರು ಕುರ್ಚಿಗಳನ್ನು ಗೋಡೆಗೆ ಒರಗಿಸಿ, ಸಿಂಕಿನ ಹತ್ತಿರ ಹೋಗಿ ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆದುಕೊಂಡರು. ಒರೆಸಿಕೊಂಡು ಬಂದು ಸುಶೀಲಾಳ ಎದುರಿಗೆ ಎರಡೂ ಕೈ ಚಾಚಿ ನಿಂತರು.

ಸುಶೀಲಾ ಆ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟೆ ಸಿಂಕಿಗೆ ಹಾಕಿ, ಸೆರಗು ಹೊದ್ದು, ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ನನ್ನ ಪಕ್ಕಕ್ಕೆ ಬಂದು ನಿಂತಳು. ನಾನು ಅವಳ ಕೈ ಹಿಡಿದು ಹಾಲಿನಲ್ಲಿ ಅದ್ದಿದೆ. ಹಾಲು ಫ್ರಿಜ್ಜಿನದು, ತಣ್ಣಗೆ ಕೊರೆಯುತ್ತಿತ್ತು.

ಮೇಘಾ ಶುರುಮಾಡಿದಳು. ಶ್ರುತಿ ಮೇಲೆ ಹಿಡಿದಳು, ಎರಡನೇ ಸಾಲಿಗೆ ಉಸಿರು ಸಾಲದೆ ನಿಂತಳು, ಮತ್ತೆ ಹಿಡಿದಳು. ಬಾಳಿನಲ್ಲಿ ಆ ಹಾಡನ್ನು ಅಷ್ಟು ಕೆಟ್ಟದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅದೇ ನನ್ನ ಜೀವ ಹಿಂಡಿತು. "ತವರೂರ ದನಿಯೊಂದ ಕೇಳ್ಯಾಲ" ಎಂದು ಆ ಅಮೆರಿಕದ ನಾಲಿಗೆ ಅಂದಾಗ, ಸುಶೀಲಾ ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇವಳು ಕಿವಿಗೊಟ್ಟು ಕೂತರೂ ಯಾವ ದನಿ ಬರಬೇಕಿತ್ತು, ಎಲ್ಲಿಂದ ಬರಬೇಕಿತ್ತು. ನೂರು ಸಲ ಹೇಳಿದ ಸಾಲು, ಅಲ್ಲಿಯವರೆಗೆ ನಾನು ಅದನ್ನು ಹೇಳುತ್ತಿದ್ದೆನೇ ಹೊರತು ಕೇಳಿರಲಿಲ್ಲ. ಕಣ್ಣೀರು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳುವ ಹಾಗಿಲ್ಲ, ಎರಡೂ ಕೈಯಲ್ಲಿ ಅವಳಿದ್ದಳು.

ಹಾಡು ಮುಗಿಯಿತು. ಅವಳ ಕೈಗಳನ್ನು ರಘುವಿನ ಕೈಯಲ್ಲಿಟ್ಟೆ. ಅಲ್ಲಿ ಏನು ಹೇಳಬೇಕೆಂದು ಎಲ್ಲ ಮದುವೆಗಳಲ್ಲೂ ಕೇಳಿದವಳು ನಾನು, ಬಾಯಿಗೆ ಬರಲಿಲ್ಲ.

"ನಮ್ಮ ಹುಡುಗಿ ರೀ," ಅಂದೆ. "ಚಂದಂಗ ನೋಡ್ಕೊಳ್ರಿ."

ರಘು ತಲೆಯಾಡಿಸಿದರು. ಕನ್ನಡಕ ತೆಗೆಯಲು ಅವರಿಗೂ ಕೈ ಖಾಲಿ ಇರಲಿಲ್ಲ.

"ಇಷ್ಟು ವರ್ಷ ಕದ್ದು ತಂದವನ ಥರ ಇದ್ದೆ ಅಕ್ಕ," ಅಂದರು. "ಯಾರೂ ಕೊಟ್ಟಿರಲಿಲ್ಲವಲ್ಲ."

ಆಗ ಸುಶೀಲಾ ಅತ್ತಳು. ಗಂಡನ ಎದೆಗೆ ಹಣೆ ಹಚ್ಚಿ, ದನಿ ತೆಗೆದು, ಮದುವೆಮನೆಯಲ್ಲಿ ಹುಡುಗಿಯರು ಹೇಗೆ ಅಳುತ್ತಾರೋ ಹಾಗೆಯೇ ಅತ್ತಳು. ಅವರ ಅಂಗಿಯ ತೋಳೆಲ್ಲ ಹಾಲಾಯಿತು. ಬೆಲ್ ಆಗಿ ಮೊದಲ ಹೆಂಗಸರು ಒಳಗೆ ಬಂದಾಗ ನಾವು ನಾಲ್ವರೂ ಕಣ್ಣು ಕೆಂಪಗೆ ಮಾಡಿಕೊಂಡು ಸೌತೆಕಾಯಿಯ ಸುತ್ತ ನಿಂತಿದ್ದೆವು. ಪೋಲನ್ ಅಲರ್ಜಿ ಅಂದೆ. ಫಾರ್ಮಸಿಸ್ಟ್ ಹೇಳಿದ್ದು, ನಂಬಿದರು.

ಮರುದಿನ ಛತ್ರದಲ್ಲಿ ಮೇಘಾ ತನ್ನ ಶಾಸ್ತ್ರಕ್ಕೂ ಒಪ್ಪಿದಳು, ಆದರೆ ತಾನೇ ಒಂದು ಷರತ್ತು ಹಾಕಿದಳು. ಅವಳದೂ ನೀಲನದೂ ಕೈ ಒಂದೇ ತಟ್ಟೆಯಲ್ಲಿ ಅದ್ದಿ, ಎರಡೂ ಕಡೆಯ ತಾಯಂದಿರು ಒಟ್ಟಿಗೆ ಹಿಡಿಯಬೇಕು. ಹಿಕ್ಸ್‌ವಿಲ್‌ನ ಬೀಗಿತ್ತಿಗೆ ಇದು ಬಹಳ ಹಿಡಿಸಿತು, ಗಂಡುಮಗನನ್ನು ಕಳಿಸಿಕೊಡುವವರಿಗೆ ಯಾವ ಹಾಡೂ ಇಲ್ಲವಲ್ಲ ಎಂದು ಅವರು ಮೊದಲೇ ಕೊರಗುತ್ತಿದ್ದರಂತೆ. ನಾನು ಹಾಡಿದೆ. ಎಲ್ಲರೂ ಅತ್ತರು. ಸುಶೀಲಾ ಎದ್ದುಹೋಗಲಿಲ್ಲ, ಮೊದಲ ಸಾಲಿನಿಂದ ಕೊನೆಯವರೆಗೆ ನಿಂತು ಕೇಳಿದಳು.

ಕಥೆ ಅಲ್ಲಿಗೆ ಮುಗಿಯಿತು ಎಂದೇ ನಾನು ತಿಳಿದಿದ್ದೆ. ಶಾಸ್ತ್ರ ಮಾಡಿದ್ದಾಯಿತು, ಅವಳ ಮನಸ್ಸು ಹಗುರಾಯಿತು, ನನಗೂ ಒಂದು ಪುಣ್ಯ ಬಂತು. ಜುಲೈ ಸೆಕೆಯಲ್ಲಿ ಕೆಲಸ, ಮನೆ, ಹಿತ್ತಲಿನ ಬದನೆಗಿಡ ಅಂತ ಮರೆತೂಬಿಟ್ಟೆ. ನಾಗರ ಪಂಚಮಿಯ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಬೆಳಿಗ್ಗೆ ಬಾಗಿಲು ತೆಗೆದರೆ ಸುಶೀಲಾ. ಕೈಯಲ್ಲಿ ಒಂದು ಬಟ್ಟೆಯ ಬ್ಯಾಗು, ತಲೆಯಲ್ಲಿ ಹೂವು.

"ನಿಮ್ಮ ಕಡೆ ಪಂಚಮಿಗೆ ಅಲ್ವಾ ಅಕ್ಕ, ಹೆಣ್ಣುಮಕ್ಕಳು ತವರಿಗೆ ಬರೋದು?" ಅಂದಳು.

ನಾನು ಒಂದು ಉಂಡಿ ಸಹ ಮಾಡಿರಲಿಲ್ಲ. ಮಗಳು ಪಂಚಮಿಗೆ ಬಂದಾಗ ತವರಿನಲ್ಲಿ ಉಂಡಿ ಇಲ್ಲವೆಂದರೆ ನಮ್ಮ ಧಾರವಾಡದಲ್ಲಿ ಮುಖಕ್ಕೆ ಉಗಿಯುತ್ತಾರೆ. ಅವಳನ್ನು ಒಳಗೆ ಕರೆದು ಕೂರಿಸಿ, ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಬಿಸಿಬಿಸಿ ಉಂಡಿ ಕಟ್ಟಲು ಕೂತೆ. ಕೈ ಹಚ್ಚಲು ಬಂದವಳನ್ನು ಗದರಿಸಿ ಕುರ್ಚಿಗೆ ಕಳಿಸಿದೆ. ಅವಳು ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿಕೊಂಡಳು. ಆಮೇಲೆ ರಘುವಿನ ಮೇಲೆ ದೂರು ಹೇಳಲು ಶುರುಮಾಡಿದಳು.

ತಾನು ಜೋಡಿಸಿದ ಡಿಶ್‌ವಾಶರನ್ನು ಅವರು ಮತ್ತೆ ಬಿಚ್ಚಿ ಜೋಡಿಸುತ್ತಾರಂತೆ. ಕಪಾಟಿನ ಬಾಗಿಲು ಮುಚ್ಚುವುದಿಲ್ಲವಂತೆ. ಮಾತಾಡಿ ಅಂದರೆ ಏನು ಮಾತಾಡಲಿ ಅನ್ನುತ್ತಾರಂತೆ. ಮೇಘಾ ಹುಟ್ಟಿದಾಗ ತನಗೆ ಎರಡು ತಿಂಗಳು ಸೊಪ್ಪಿನ ಸಾರು ಬೇಕೆನಿಸಿತ್ತು, ಹೇಳದೆ ತಿಳಿದುಕೊಳ್ಳಲಿಲ್ಲವಂತೆ, ಅದು ಈಗಲೂ ಸಿಟ್ಟಂತೆ. ಹೇಳಿದಳು, ಹೇಳಿದಳು, ಉಂಡಿ ಕಟ್ಟಿ ಮುಗಿದರೂ ಹೇಳುತ್ತಲೇ ಇದ್ದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಗಂಡನ ಬಗ್ಗೆ ಒಂದು ಸಣ್ಣ ಮಾತು ಕೇಳಿದವಳಲ್ಲ ನಾನು. ಎಂಥ ಅನುರೂಪ ಜೋಡಿ ಎಂದು ನಾವೆಲ್ಲ ಹೊಗಳುತ್ತಿದ್ದೆವು. ಯಾರ ಮುಂದೆ ಹೇಳಿಕೊಳ್ಳಬೇಕಿತ್ತು ಅವಳು? ನೀನೇ ಆರಿಸಿಕೊಂಡದ್ದಲ್ಲವೇ ಎಂದು ಒಬ್ಬರು ಅಂದರೂ ಅವಳ ಬಾಯಿ ಕಟ್ಟಿದ ಹಾಗೆ. ತವರಿದ್ದವರು ಮಾತ್ರ ಗಂಡನನ್ನು ಬೈದುಕೊಂಡು ಹಗುರಾಗಬಲ್ಲರು.

ನಾನು ಕೈ ತೊಳೆದುಕೊಂಡು ರಘುವಿಗೆ ಫೋನ್ ಹಚ್ಚಿದೆ. ನಮ್ಮ ಹುಡುಗಿ ಈ ವಾರ ಇಲ್ಲೇ ಇರುತ್ತಾಳೆ, ಕರೆದುಕೊಂಡು ಹೋಗಲು ನೀವೇ ಬರಬೇಕು, ಬಂದಾಗ ನಿಮ್ಮ ಹತ್ತಿರ ನನಗೆ ನಾಲ್ಕು ಮಾತಾಡುವುದಿದೆ ಅಂದೆ. "ಆಯ್ತಕ್ಕ, ಬರ್ತೀನಿ" ಅಂದರು. ಆ ದನಿಯಲ್ಲಿ ಹೆದರಿಕೆ ಇತ್ತು, ಸಂತೋಷವೂ ಇತ್ತು.

ಭಾನುವಾರ ಬಂದರು. ಬಂದಾಗಲೆಲ್ಲ ಗ್ಯಾರೇಜಿನಿಂದ ನುಗ್ಗಿ ನೇರ ಫ್ರಿಜ್ಜಿಗೆ ಕೈಹಾಕುವ ಮನುಷ್ಯ, ಅವತ್ತು ಇಸ್ತ್ರಿ ಅಂಗಿ ಹಾಕಿಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಮುಂಬಾಗಿಲಲ್ಲಿ ನಿಂತು ಬೆಲ್ ಒತ್ತಿದರು. ನಾನು ಎದ್ದೆ. ಸುಶೀಲಾ ನನ್ನ ಸೆರಗು ಹಿಡಿದು ಕೂರಿಸಿದಳು.

"ಸ್ವಲ್ಪ ಕಾಯಲಿ ಬಿಡಿ," ಅಂದಳು.